ಹುಂಡಿ ಎಣಿಸುವವರು ಯಾರು?

ನಮ್ಮ ಅಪಾರ್ಟ್‌ಮೆಂಟಿಗೆ ಮೊದಲ ಹಾಸಿಗೆ ಬಂದದ್ದು ಒಂದು ಚರ್ಚಿನಿಂದ. ಆಗಸ್ಟ್ ತಿಂಗಳ ಡಲ್ಲಾಸ್ ಬಿಸಿಲು, ತಲಾ ಎರಡು ಸೂಟ್‌ಕೇಸು, ಒಂದು ಪ್ರೆಶರ್ ಕುಕ್ಕರು, ಮನೆಯಿಂದ ಕಟ್ಟಿಕೊಟ್ಟ ಚಟ್ನಿಪುಡಿ. ಮೊದಲ ಹತ್ತು ದಿನ ಕಾರ್ಪೆಟ್ ಮೇಲೆ ಬೆಡ್‌ಶೀಟ್ ಹಾಸಿ ಮಲಗಿದ್ದಾಯ್ತು. ಆಮೇಲೆ ಸೀನಿಯರ್ ಒಬ್ಬರು ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ರು: ಶನಿವಾರ ಹತ್ತಿರದ ಚರ್ಚಿನ ಪಾರ್ಕಿಂಗ್ ಜಾಗದಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆ ಪುಕ್ಕಟೆ ಫರ್ನಿಚರ್ ಹಂಚ್ತಾರೆ, ಬೇಗ ಹೋಗಿ. ಹೋದೆವು. ಎಪ್ಪತ್ತು ದಾಟಿದ ಅಜ್ಜ ಒಬ್ಬರು ತಮ್ಮ ಪಿಕಪ್ ಟ್ರಕ್ಕಿನಲ್ಲಿ ಎರಡು ಹಾಸಿಗೆ, ಒಂದು ಮೇಜು, ನಾಲ್ಕು ಕುರ್ಚಿ ಹೇರಿಕೊಂಡು ಬಂದು, ನಾವು ಬೇಡ ಬೇಡ ಅಂದ್ರೂ ಕೇಳದೆ ಮೂರನೇ ಮಹಡಿಯವರೆಗೆ ಮೇಜಿನ ಒಂದು ತುದಿ ತಾವೇ ಹಿಡಿದರು. ಯಾವ ಊರು ಅಂತ ಕೇಳಿದರು, ಯಾವ ಧರ್ಮ ಅಂತ ಕೇಳಲಿಲ್ಲ. ಈ ಲೇಖನ ಬರೀತಾ ಇರೋದು ಅದೇ ಮೇಜಿನ ಮೇಲೆ.

ಇದನ್ನ ಮೊದಲೇ ಹೇಳಿಬಿಡಬೇಕು. ಯಾಕಂದ್ರೆ ಮುಂದೆ ಬರೆದಿರೋದು ಚರ್ಚ್ ನಡೆಸುವವರ ಕೈಯಲ್ಲಿ ಹಣ ಏನಾಗ್ತಿದೆ ಅನ್ನೋದರ ಬಗ್ಗೆ, ಕ್ರೈಸ್ತ ಧರ್ಮದ ಬಗ್ಗೆ ಅಲ್ಲ. ನಮ್ಮ ಮನೆಯ ನಾಲ್ವರಲ್ಲಿ ಇಬ್ಬರು ಕ್ರೈಸ್ತರೇ. ಇಬ್ಬರೂ ಇದನ್ನ ಓದಿದ್ದಾರೆ, ಒಬ್ಬ ಎರಡು ಕಡೆ ಕೆಂಪು ಗೆರೆ ಹಾಕಿ ತಿದ್ದಿದ್ದಾನೆ.

ಆ ಇಬ್ಬರಲ್ಲಿ ಒಬ್ಬನಿಂದಲೇ ಈ ಮಾತು ಶುರುವಾದದ್ದು. ಹುಬ್ಬಳ್ಳಿ ಕಡೆಯವನು, ಹೆಸರು ಹಾಕಬೇಡಿ ಅಂದಿದ್ದಾನೆ. ಊರಲ್ಲಿ ಅವರಪ್ಪ ಮನೆ ಅಡ ಇಟ್ಟು ಎಜುಕೇಶನ್ ಲೋನ್ ತೆಗೆಸಿದ್ದಾರೆ. ಇವನು ಕ್ಯಾಂಪಸ್ಸಿನ ಡೈನಿಂಗ್ ಹಾಲಿನಲ್ಲಿ ಗಂಟೆಗೆ 12 ಡಾಲರ್ ಲೆಕ್ಕದಲ್ಲಿ ವಾರಕ್ಕೆ 20 ಗಂಟೆ ಪಾತ್ರೆ ತೊಳೀತಾನೆ. ಎಫ್-1 ವೀಸಾದವರಿಗೆ ಸೆಮಿಸ್ಟರ್ ನಡೀತಿರುವಾಗ ಅದಕ್ಕಿಂತ ಹೆಚ್ಚು ಹೊತ್ತು ದುಡಿಯೋ ಹಾಗಿಲ್ಲ, ನಿಮಗೆಲ್ಲ ಗೊತ್ತಿರೋದೇ. ತಿಂಗಳಿಗೆ ಹೆಚ್ಚೂಕಮ್ಮಿ 960 ಡಾಲರ್. ಇವನು ಹೋಗ್ತಿದ್ದದ್ದು ಹಾಸಿಗೆ ಕೊಟ್ಟ ಚರ್ಚಿಗಲ್ಲ, ಹೈವೇ ಪಕ್ಕದ ಇನ್ನೊಂದು ದೊಡ್ಡ ಚರ್ಚಿಗೆ. ಪಾರ್ಕಿಂಗಿನಿಂದ ಬಾಗಿಲಿಗೆ ಶಟಲ್ ಬಸ್ಸು, ಒಳಗೆ ಕಾಫಿ ಕೌಂಟರು, ವೇದಿಕೆ ಮೇಲೆ ನಮ್ಮ ಊರ ದಸರಾಕ್ಕೂ ಹಾಕದಷ್ಟು ದೀಪ. ಒಮ್ಮೆ ನಾವೂ ಹೋಗಿದ್ವಿ. ಸಂಗೀತ ಚೆನ್ನಾಗಿತ್ತು, ಜನ ಪ್ರೀತಿಯಿಂದ ಮಾತಾಡಿಸಿದ್ರು, ಅದರಲ್ಲಿ ಎರಡು ಮಾತಿಲ್ಲ.

ಮಾರ್ಚಿನಲ್ಲಿ ಬಾಡಿಗೆ ಕಟ್ಟೋ ದಿನ ಇವನ ಪಾಲು ಬರಲಿಲ್ಲ. ಏನಾಯ್ತೋ ಅಂತ ಕೇಳಿದ್ರೆ ಮೊದಲು ಮುಖ ತಿರುಗಿಸಿಕೊಂಡ. ಆಮೇಲೆ ಫೋನ್ ತೆಗೆದು ಬ್ಯಾಂಕ್ ಆಪ್ ತೋರಿಸಿದ. ಚರ್ಚಿನ ಆಪ್ ಮೂಲಕ ಪ್ರತಿ ತಿಂಗಳು 96 ಡಾಲರ್ ತಾನಾಗೇ ಕಟ್ ಆಗ್ತಿತ್ತು. ಅದರ ಕೆಳಗೆ ಕ್ರೆಡಿಟ್ ಕಾರ್ಡಿನಲ್ಲಿ 500 ಡಾಲರಿನ ಇನ್ನೊಂದು ಸಾಲು.

"ಎಂತ ಮಾರಾಯ ಇದು, ತಿಂಗಳು ತಿಂಗಳು ತೊಂಬತ್ತಾರು?" ಅಂತ ಕೇಳಿದ್ದು ನಮ್ಮ ಬಂಟ್ವಾಳದ ಕೆಥೊಲಿಕ್ ಹುಡುಗ.

"ದಶಮಾಂಶ ಅದು. ಊರಾಗ ನಮ್ಮಪ್ಪನೂ ಕೊಡ್ತಾನ."

"ಈ ಐನೂರು?"

"ಅದು ಬೀಜ."

ವಿಷಯ ಇಷ್ಟು. ಫೆಬ್ರುವರಿಯಿಂದ ಆ ಚರ್ಚಿನಲ್ಲಿ ಸಾಲದ ಬಗ್ಗೆಯೇ ಸಾಲುಸಾಲು ಪ್ರಸಂಗ ನಡೆದಿತ್ತು. ಸಾಲ ಅನ್ನೋದು ಒಂದು ಶಾಪ, ಇಲ್ಲದಿದ್ರೂ ನಂಬಿಕೆಯಿಂದ ಕೊಡುವವನ ಸಾಲವನ್ನ ದೇವರೇ ತೀರಿಸ್ತಾನೆ, ಕಾಣಿಕೆ ಅಂದ್ರೆ ಬಿತ್ತನೆ, ಬಿತ್ತದವನಿಗೆ ಬೆಳೆ ಎಲ್ಲಿಂದ ಬರಬೇಕು ಅನ್ನೋ ಧಾಟಿ. ಮೂವತ್ತು ಚಿಲ್ಲರೆ ಲಕ್ಷ ಸಾಲ ತಲೆ ಮೇಲಿರೋ, ಇಂಟರ್ನ್‌ಶಿಪ್ ಸಿಗದೆ ನಿದ್ದೆಗೆಟ್ಟ ಹುಡುಗನಿಗೆ ಇದಕ್ಕಿಂತ ಸಿಹಿ ಮಾತು ಇನ್ನೇನಿರುತ್ತೆ? ಬಿತ್ತಿದ. ಇವರಜ್ಜನಿಗೆ ಕುಂದಗೋಳದ ಹತ್ತಿರ ಹೊಲ ಇತ್ತಂತೆ. ಬಿತ್ತಿದವನ ಹೊಲದಲ್ಲಿ ಬೆಳೆ ಬರಬೇಕು, ಇಲ್ಲಿ ನೋಡಿದ್ರೆ ಬಿತ್ತಿದ್ದು ಇವನು, ಬೆಳೆ ಬಂದದ್ದು ಬೇರೆಯವರ ಹೊಲದಲ್ಲಿ. ಹಾಗಂದಾಗ ಮೊದಲ ಸಲ ನಕ್ಕ. ಅದಕ್ಕೂ ಮುಂಚೆ ಜಗಳಾನೇ ಆಗಿತ್ತು. "ನಾ ದೇವರಿಗೆ ಕೊಟ್ಟೀನಿ, ನಿಮಗ್ಯಾಕ ಬೇಕು ಅದರ ಲೆಕ್ಕ?" ಅಂತ ರೇಗಿದ್ದ.

ಈ ಪ್ರಶ್ನೆ ನಮಗೆ ಬಹಳ ದಿನ ಕಾಡಿತು. ಅವನು ದೇವರಿಗೆ ಕೊಟ್ಟಿದ್ದಾನೆ, ಸರಿ. ದೇವರ ಪರವಾಗಿ ತಗೊಂಡವರು ಯಾರು, ಅವರು ಏನು ಮಾಡಿದರು?

ಎಂಜಿನಿಯರಿಂಗ್ ಓದಿದವರ ಕಾಯಿಲೆ ಅಂದ್ರೆ ಯಾವ ದುಃಖಕ್ಕೂ ಒಂದು ಸ್ಪ್ರೆಡ್‌ಶೀಟ್ ತೆರೆಯೋದು. ಅಮೆರಿಕದಲ್ಲಿ ಲಾಭಕ್ಕಲ್ಲದ ಸಂಸ್ಥೆಗಳು ಐಆರ್‌ಎಸ್‌ಗೆ ಪ್ರತಿ ವರ್ಷ ಫಾರ್ಮ್ 990 ಅನ್ನೋ ಲೆಕ್ಕಪತ್ರ ಕೊಡಬೇಕು. ಅದು ಸಾರ್ವಜನಿಕ ದಾಖಲೆ, ಕೂತಲ್ಲೇ ಫೋನಿನಲ್ಲಿ ನೋಡಬಹುದು. ಎಷ್ಟು ಹಣ ಬಂತು, ಎಷ್ಟು ಹೋಯ್ತು, ಮೇಲಿನವರ ಸಂಬಳ ಎಷ್ಟು, ಎಲ್ಲ ಅದರಲ್ಲಿರುತ್ತೆ. ವರ್ಷಕ್ಕೆ 50,000 ಡಾಲರ್ ಮುಟ್ಟದ ಪುಟ್ಟ ಸಂಘ ಕೂಡ ಒಂದು ಕಿರುಪತ್ರ ಕಳಿಸಲೇಬೇಕು. ನಮ್ಮ ಗೆಳೆಯನ ಚರ್ಚಿನ ಹೆಸರು ಹಾಕಿ ಹುಡುಕಿದೆವು. ಏನೂ ಬರಲಿಲ್ಲ. ಕಾಗುಣಿತ ತಪ್ಪಿರಬೇಕು ಅಂತ ಮತ್ತೆ ಮತ್ತೆ ಹಾಕಿದೆವು. ತಪ್ಪಿದ್ದು ಕಾಗುಣಿತ ಅಲ್ಲ. ಚರ್ಚುಗಳಿಗೆ ಈ ಫಾರ್ಮಿನಿಂದ ಕಾನೂನಿನಲ್ಲೇ ವಿನಾಯಿತಿ ಇದೆ. ಐಆರ್‌ಎಸ್‌ನ ಭಾಷೆಯಲ್ಲಿ 'ಚರ್ಚ್' ಅಂದ್ರೆ ದೇವಸ್ಥಾನ, ಮಸೀದಿ, ಗುರುದ್ವಾರ ಎಲ್ಲವೂ ಸೇರುತ್ತೆ, ಅದನ್ನೂ ಗಮನಿಸಬೇಕು. ತೆರಿಗೆ ಇಲಾಖೆಯವರು ಚರ್ಚೊಂದರ ಪುಸ್ತಕ ತೆರೆಸಬೇಕು ಅಂದ್ರೆ 1984ರ ಒಂದು ಕಾನೂನಿನ ಪ್ರಕಾರ ಹಿರಿಯ ಅಧಿಕಾರಿಯೊಬ್ಬರು ಮೊದಲು ಲಿಖಿತವಾಗಿ ಕಾರಣ ದಾಖಲಿಸಬೇಕು.

ಇತ್ತ ನಮ್ಮ ಕನ್ನಡ ವಿದ್ಯಾರ್ಥಿ ಸಂಘದ ಪಾಡು ನೋಡಿ. ದೀಪಾವಳಿಗೆ ತರಿಸಿದ ಸಮೋಸಾದ ರಸೀದಿ ಮಸುಕಾಗಿತ್ತು ಅಂತ ಯೂನಿವರ್ಸಿಟಿಯವರು ಹಣ ವಾಪಸ್ ಕೊಡೋಕೆ ಮೂರು ವಾರ ಸತಾಯಿಸಿದ್ರು.

ಊರಲ್ಲಿ ಹುಂಡಿ ಎಣಿಕೆ ಅನ್ನೋದು ಒಂದು ಸುದ್ದಿ. ಮಲೆ ಮಹದೇಶ್ವರ ಬೆಟ್ಟದ್ದೋ ನಂಜನಗೂಡಿನದ್ದೋ ಹುಂಡಿ ತೆರೆದರೆ ಮರುದಿನ ಪತ್ರಿಕೆಯಲ್ಲಿ ಬರುತ್ತೆ: ಇಷ್ಟು ಕೋಟಿ ನಗದು, ಇಷ್ಟು ಗ್ರಾಂ ಚಿನ್ನ, ಇಷ್ಟು ಬೆಳ್ಳಿ. ಸಾಲಾಗಿ ಕೂತು ನೋಟು ಜೋಡಿಸೋ ಜನರ ಫೋಟೋ ಕೂಡ. ಮುಜರಾಯಿ ದೇವಸ್ಥಾನಗಳಲ್ಲಿ ಎಲ್ಲ ಸರಿ ಇದೆ ಅಂತ ಯಾರೂ ಹೇಳಲ್ಲ, ನಾವಂತೂ ಹೇಳಲ್ಲ. ಆದ್ರೆ ಎಣಿಕೆ ನಾಲ್ಕು ಜನರ ಕಣ್ಣೆದುರು ಆಗಬೇಕು ಅನ್ನೋ ಒಂದು ರೂಢಿ ಇದೆ. ಇಲ್ಲಿ ಹುಂಡಿ ಅಂದ್ರೆ ಒಂದು ಕ್ಯೂಆರ್ ಕೋಡ್.

ಹ್ಯೂಸ್ಟನ್ನಿನ ಲೇಕ್‌ವುಡ್ ಚರ್ಚ್ ಹೆಸರು ಕೇಳಿರ್ತೀರಿ. ಹಿಂದೆ ಬಾಸ್ಕೆಟ್‌ಬಾಲ್ ತಂಡ ರಾಕೆಟ್ಸ್ ಆಡುತ್ತಿದ್ದ ಕ್ರೀಡಾಂಗಣದಲ್ಲಿ 2005ರಿಂದ ಆರಾಧನೆ ನಡೀತಿದೆ, ಸುಮಾರು 16,000 ಜನ ಕೂರಬಹುದು. 2014ರ ಮಾರ್ಚಿನಲ್ಲಿ ಅಲ್ಲಿನ ಲಾಕರಿನಿಂದ ಒಂದು ವಾರಾಂತ್ಯದ ಕಾಣಿಕೆ ಕಳುವಾಯ್ತು: 2 ಲಕ್ಷ ಡಾಲರ್ ನಗದು, 4 ಲಕ್ಷ ಡಾಲರಿನ ಚೆಕ್ಕುಗಳು. ಏಳು ವರ್ಷ ಕಳೆದು 2021ರಲ್ಲಿ ಶೌಚಾಲಯ ರಿಪೇರಿಗೆ ಬಂದ ಪ್ಲಂಬರ್ ಒಬ್ಬ ಗೋಡೆ ಬಿಚ್ಚಿದಾಗ ಒಳಗಿನಿಂದ ರಾಶಿ ಲಕೋಟೆ ಬಿದ್ದವು, ಒಳಗೆಲ್ಲ ನಗದು, ಚೆಕ್ಕು. ಅವನು ಜೇಬಿಗಿಳಿಸದೆ ಹೇಳಿದ. 2014ರ ಕಳವಿಗೂ ಇದಕ್ಕೂ ನಂಟಿರುವಂತೆ ಕಾಣುತ್ತೆ ಅಂತ ಪೊಲೀಸರೂ ಅಂದರು. ಈ ಕಥೆ ಕೇಳಿ ನಾವು ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಿದ್ದೇವೆ. ಆದ್ರೆ ನಗು ನಿಂತ ಮೇಲೆ ಹೊಳೆದದ್ದು ಬೇರೆ. ಕಳ್ಳತನ ಆಗದೇ ಹೋಗಿದ್ರೆ ಆ ಚರ್ಚಿಗೆ ಒಂದು ವಾರಾಂತ್ಯಕ್ಕೆ ಎಷ್ಟು ಹಣ ಬರುತ್ತೆ ಅಂತ ಹೊರಗಿನವರಿಗೆ ಗೊತ್ತಾಗೋ ದಾರಿ ಯಾವುದಿತ್ತು? ಅಲ್ಲಿನ ಪಾಸ್ಟರ್ ಜೋಯಲ್ ಆಸ್ಟೀನ್ 2005ರಿಂದ ತಾವು ಚರ್ಚಿನಿಂದ ಸಂಬಳ ತಗೊಳ್ತಿಲ್ಲ, ತಮ್ಮ ಸಂಪಾದನೆ ಪುಸ್ತಕದಿಂದ ಅಂತ ಹೇಳ್ತಾರೆ. ಒಪ್ಪೋಣ. ಆದರೂ ಆ ಪುಸ್ತಕಗಳು ಲಕ್ಷಗಟ್ಟಲೆ ಮಾರಾಟವಾಗೋಕೆ ಆ ವೇದಿಕೆಯ ಪಾಲು ಎಷ್ಟು, ಆ ವೇದಿಕೆ ಕಟ್ಟಿದ ಕಾಣಿಕೆ ಯಾರದು ಅನ್ನೋದೂ ಲೆಕ್ಕಕ್ಕೆ ಬರಬೇಕಲ್ವಾ?

ವಿಮಾನಗಳ ಕಥೆ ಇನ್ನೂ ಸ್ವಾರಸ್ಯ. 2015ರಲ್ಲಿ ಅಟ್ಲಾಂಟಾ ಕಡೆಯ ಕ್ರೆಫ್ಲೋ ಡಾಲರ್ (ಹೌದು, ನಿಜವಾದ ಹೆಸರೇ) ಸುಮಾರು 6.5 ಕೋಟಿ ಡಾಲರ್ ಬೆಲೆಯ ಗಲ್ಫ್‌ಸ್ಟ್ರೀಮ್ ಜೆಟ್ ಕೊಳ್ಳೋಕೆ ಭಕ್ತರ ಮುಂದೆ ಕೈ ಚಾಚಿದರು. 2018ರಲ್ಲಿ ಲೂಸಿಯಾನಾದ ಜೆಸ್ಸಿ ಡುಪ್ಲಾಂಟಿಸ್ 5.4 ಕೋಟಿ ಡಾಲರಿನ ಫಾಲ್ಕನ್ ಜೆಟ್ ಬೇಕು ಅಂದರು, ಆಗಲೇ ಮೂರು ವಿಮಾನ ನೋಡಿಯಾಗಿತ್ತು. ನಮ್ಮ ಫೋರ್ಟ್ ವರ್ತ್ ಬಳಿಯ ಕೆನೆತ್ ಕೋಪ್‌ಲ್ಯಾಂಡ್‌ಗೆ ಸಾಮಾನ್ಯ ವಿಮಾನದಲ್ಲಿ ಜನರ ಜೊತೆ ಹೋಗೋದಂದ್ರೆ ದೆವ್ವಗಳ ಜೊತೆ ಕೊಳವೆಯೊಳಗೆ ಕೂತ ಹಾಗೆ, ಟಿವಿಯಲ್ಲೇ ಹಾಗಂದಿದ್ದರು. ದೋಹಾದಲ್ಲಿ ಹನ್ನೊಂದು ಗಂಟೆ ನೆಲದ ಮೇಲೆ ಮಲಗಿ ಎಕಾನಮಿಯಲ್ಲಿ ಬಂದ ದೆವ್ವಗಳು ನಾವೇ.

ಜೆಟ್ ವಿಷಯ ಬಿಡಿ, ಅದು ನಗೋಕೆ. ನಮ್ಮ ಜೇಬಿಗೆ ತಟ್ಟೋ ವಿಷಯ ಬೇರೆ ಇದೆ. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಊರಿನ ಶಾಲೆ, ರಸ್ತೆಗಳು ಬಹುಪಾಲು ಆಸ್ತಿ ತೆರಿಗೆಯ ಮೇಲೆ ನಿಂತಿವೆ. ಮನೆ ಮಾಲೀಕರು ಅದನ್ನ ಬಾಡಿಗೆಯಲ್ಲಿ ಸೇರಿಸಿ ನಮ್ಮಿಂದಲೇ ವಸೂಲಿ ಮಾಡ್ತಾರೆ. ಪಾದ್ರಿಗಳ ನಿವಾಸಕ್ಕೆ ಈ ತೆರಿಗೆಯಿಂದ ವಿನಾಯಿತಿ. ಕಾನೂನು ಮಾಡಿದವರ ಮನಸ್ಸಲ್ಲಿ ಇದ್ದದ್ದು ಚರ್ಚ್ ಹಿತ್ತಲಿನ ಎರಡು ಕೋಣೆಯ ಮನೆ ಇರಬೇಕು. ಆದರೆ ಕೋಪ್‌ಲ್ಯಾಂಡರ ಕೆರೆ ದಂಡೆಯ ಸುಮಾರು 70 ಲಕ್ಷ ಡಾಲರಿನ ಬಂಗಲೆಗೂ ಆಸ್ತಿ ತೆರಿಗೆ ಸೊನ್ನೆ ಅಂತ 2021ರಲ್ಲಿ ಹ್ಯೂಸ್ಟನ್ ಕ್ರಾನಿಕಲ್ ಪತ್ರಿಕೆ ಬರೆಯಿತು. ಪಾತ್ರೆ ತೊಳೆಯುವ ನಮ್ಮ ಗೆಳೆಯ ಬಾಡಿಗೆಯ ಮೂಲಕ ಕಟ್ಟುವ ತೆರಿಗೆಯನ್ನ ಅವರು ಕಟ್ಟಬೇಕಿಲ್ಲ. "ಅವರ ಹಣ, ಅವರಿಷ್ಟ, ನಿಮಗೇನು?" ಅಂತ ನಮ್ಮನ್ನ ಕೇಳೋ ಗೆಳೆಯರಿಗೆ ಇದೇ ಉತ್ತರ. ತೆರಿಗೆ ಬಿಟ್ಟುಕೊಟ್ಟ ಕಡೆ ಎಲ್ಲರ ಪಾಲೂ ಇದೆ.

ಹಾಗಂತ ಯಾರೂ ಕೇಳಲೇ ಇಲ್ಲ ಅಂತಲ್ಲ. ಅಯೋವಾದ ಸೆನೆಟರ್ ಚಕ್ ಗ್ರಾಸ್ಲಿ 2007ರಲ್ಲಿ ಆರು ದೊಡ್ಡ ಟಿವಿ ಬೋಧಕರ ಸಂಸ್ಥೆಗಳಿಗೆ ಪತ್ರ ಬರೆದು ಸಂಬಳ, ಮನೆ, ವಿಮಾನದ ಲೆಕ್ಕ ಕೇಳಿದರು. ಅವರು ರಿಪಬ್ಲಿಕನ್, ಸ್ವತಃ ಚರ್ಚಿಗೆ ಹೋಗುವವರು. ಪೂರ್ತಿ ಸಹಕರಿಸಿದ್ದು ಜಾಯ್ಸ್ ಮೇಯರ್ ಮತ್ತು ಬೆನ್ನಿ ಹಿನ್ ಇಬ್ಬರ ಸಂಸ್ಥೆಗಳು ಮಾತ್ರ. 2011ರಲ್ಲಿ ವರದಿ ಬಂತು, ಯಾರ ಮೇಲೂ ದಂಡ ಇಲ್ಲ, ಹೊಸ ಕಾನೂನೂ ಇಲ್ಲ. ನಿಮ್ಮನ್ನ ನೀವೇ ತಿದ್ದಿಕೊಳ್ಳಿ ಅನ್ನೋ ಸಲಹೆ ಅಷ್ಟೇ. ಸರ್ಕಾರಕ್ಕಿಂತ ಇನ್‌ಸ್ಟಾಗ್ರಾಮ್ ಹೆಚ್ಚು ಕೆಲಸ ಮಾಡಿತು ಅನ್ಸುತ್ತೆ: 2019ರಲ್ಲಿ ನಮ್ಮ ಡಲ್ಲಾಸಿನ ಯುವಕನೊಬ್ಬ, ತಾನೂ ಕ್ರೈಸ್ತನೇ, ಪ್ರಸಿದ್ಧ ಪಾಸ್ಟರುಗಳ ಫೋಟೋ ಪಕ್ಕದಲ್ಲಿ ಅವರು ಹಾಕಿಕೊಂಡ ಶೂಗಳ ಬೆಲೆ ಹಾಕತೊಡಗಿದ. ಮತ್ತೇನೂ ಬರೆಯಬೇಕಿರಲಿಲ್ಲ.

ಈ 'ಬೀಜ'ದ ಮಾತು ಹೊಸದಲ್ಲ. ಓಕ್ಲಹೋಮಾದ ಓರಲ್ ರಾಬರ್ಟ್ಸ್ ದಶಕಗಳ ಹಿಂದೆಯೇ ಇದನ್ನ ಟಿವಿಗೆ ತಂದವರು. 80 ಲಕ್ಷ ಡಾಲರ್ ಸೇರದಿದ್ದರೆ ದೇವರು ತನ್ನನ್ನ ಕರೆದುಕೊಂಡುಬಿಡ್ತಾನೆ ಅಂತ 1987ರಲ್ಲಿ ಅವರು ಹೇಳಿದ್ದು ಆಗಿನ ಕಾಲಕ್ಕೆ ದೊಡ್ಡ ಸುದ್ದಿ. ಜಿಮ್ ಬೇಕರ್ 1989ರಲ್ಲಿ ವಂಚನೆಗೆ ಜೈಲಿಗೆ ಹೋದರು, ಆಮೇಲೆ ತಾನು ಬೋಧಿಸಿದ್ದು ತಪ್ಪು ಅಂತ ಪುಸ್ತಕವನ್ನೇ ಬರೆದರು. ನಮಗೆ ಎಲ್ಲಕ್ಕಿಂತ ಆಶ್ಚರ್ಯ ಅನಿಸಿದ್ದು ಅದೇ ಕ್ರೆಫ್ಲೋ ಡಾಲರ್. 2022ರಲ್ಲಿ ಅವರು ವೇದಿಕೆ ಮೇಲೆ ನಿಂತು, ದಶಮಾಂಶದ ಬಗ್ಗೆ ಇಷ್ಟು ವರ್ಷ ತಾನು ಕಲಿಸಿದ್ದು ಸರಿಯಲ್ಲ, ಆ ವಿಷಯದ ತನ್ನ ಪುಸ್ತಕ, ವಿಡಿಯೋಗಳನ್ನ ಎಸೆದುಬಿಡಿ ಅಂದರು. ಹಾಗೆ ಹೇಳೋಕೆ ಧೈರ್ಯ ಬೇಕು, ಒಪ್ಪಲೇಬೇಕು. ಪುಸ್ತಕ ಎಸೆಯಬಹುದು. ಆ ಬೋಧನೆ ನಂಬಿ ಇಪ್ಪತ್ತು ವರ್ಷ ಕೊಟ್ಟ ಹಣ? ಅದರ ಬಗ್ಗೆ ಕ್ಷಮೆಯ ಮಾತೂ ಇರಲಿಲ್ಲ, ವಾಪಸಿನ ಮಾತೂ ಇರಲಿಲ್ಲ.

ಚರ್ಚೂ ವ್ಯಾಪಾರವೂ ಒಟ್ಟಿಗೆ ಇರಲೇಬಾರದಾ ಅಂತ ಕೇಳಿದ್ರೆ ನಮ್ಮ ಕರಾವಳಿಯನ್ನೇ ನೋಡಬಹುದು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿತು, ಅದಕ್ಕೂ ಮುಂಚೆ ನೇಯ್ಗೆ, ಮುದ್ರಣ. ಮತಾಂತರವಾದದ್ದಕ್ಕೆ ಮನೆ, ಕಸುಬು ಎರಡೂ ಕಳೆದುಕೊಂಡ ಜನರಿಗೆ ಕೆಲಸ ಬೇಕಿತ್ತು. ಅಲ್ಲಿ ಎಲ್ಲ ಹಾಲು ಜೇನು ಅಂತ ಅಲ್ಲ. ಧಣಿಯೂ ಗುರುವೂ ಒಂದೇ ಸಂಸ್ಥೆಯಾದಾಗ ಕೂಲಿಯವನು ಯಾರ ಹತ್ತಿರ ದೂರು ಹೇಳಬೇಕು? ಆದರೆ ಅವರು ಮಾರಿದ್ದು ಹೆಂಚು. ದುಡ್ಡು ಕೊಟ್ಟವನ ಮಾಡಿಗೆ ಹೆಂಚು ಬರುತ್ತಿತ್ತು, ಒಡೆದಿದ್ದರೆ ಕೇಳಬಹುದಿತ್ತು. ಸಾಲ ತೀರುತ್ತೆ ಅನ್ನೋ ಭರವಸೆ ಮಾರಿದವನ ಹತ್ತಿರ ಹೋಗಿ ತೀರಲಿಲ್ಲ ಅಂದ್ರೆ ಸಿಗೋ ಉತ್ತರ, ನಿನ್ನ ನಂಬಿಕೆ ಸಾಲದು. ನಮ್ಮ ಗೆಳೆಯನಿಗೂ ಸಿಕ್ಕಿದ್ದು ಅದೇ. ಅವನಿಗೆ 500 ಡಾಲರಿಗಿಂತ ನೋವಾದದ್ದು ಈ ಮಾತಿನಿಂದ. ಎರಡು ವಾರ ಪ್ರಾರ್ಥನೆ ಮಾಡೋದನ್ನೇ ಬಿಟ್ಟಿದ್ದ. ನಂಬಿಕೆ ಇಲ್ಲದ ನಮಗೂ ಅದನ್ನ ನೋಡೋಕೆ ಕಷ್ಟ ಆಗ್ತಿತ್ತು.

ಬಂಟ್ವಾಳದವನು ಹೇಳೋದು ಬೇರೆ ತರಹ. ಅವರ ಇಗರ್ಜಿಯಲ್ಲಿ ಫಾದರ್ ಬಂದು ಕೆಲವು ವರ್ಷ ಇದ್ದು ವರ್ಗವಾಗಿ ಹೋಗ್ತಾರೆ, ಮನೆ ಅವರದಲ್ಲ, ಮಗನಿಗೆ ಬಿಟ್ಟುಹೋಗೋಕೆ ಮಗನಿಲ್ಲ. ವಾರ್ಡಿಗೊಬ್ಬ ಗುರಿಕಾರ, ಮೇಲೆ ಪಾಲನಾ ಪರಿಷತ್ತು, ಹಬ್ಬದ ಖರ್ಚಿನ ಪಟ್ಟಿ ನೋಟಿಸ್ ಬೋರ್ಡಿನಲ್ಲಿ. "ಜಗಳ ಇಲ್ಲ ಅಂತಲ್ಲ ಮಾರಾಯ, ಪಟಾಕಿ ಖರ್ಚಿಗೇ ಎರಡು ಗಂಟೆ ಮೀಟಿಂಗ್ ಆಗ್ತದೆ. ಆದ್ರೆ ಪಟ್ಟಿ ಉಂಟಲ್ಲ" ಅಂತಾನೆ. ಇಲ್ಲಿನ ಅನೇಕ ದೊಡ್ಡ ಸ್ವತಂತ್ರ ಚರ್ಚುಗಳಲ್ಲಿ ಸ್ಥಾಪಕರೇ ಪಾಸ್ಟರ್, ಹೆಂಡತಿ ಸಹ-ಪಾಸ್ಟರ್, ಆಡಳಿತ ಮಂಡಳಿಯಲ್ಲಿ ಅವರೇ ಕರೆದು ಕೂರಿಸಿದ ಆಪ್ತರು. ಸಂಬಳ ನಿಗದಿ ಮಾಡೋರೂ ಅವರೇ. ನಮ್ಮೂರಿನ ಎಷ್ಟೋ ಖಾಸಗಿ ಮಠ, ಟ್ರಸ್ಟುಗಳದೂ ಇದೇ ಕಥೆ, ಹೆಸರು ಹೇಳಿದ್ರೆ ಈ ಪುಸ್ತಿಕೆಯ ಅರ್ಧ ಓದುಗರು ನಮ್ಮ ಮೇಲೆ ಮುನಿಸಿಕೊಳ್ತಾರೆ. ಹಾಗಾಗಿ ಚರ್ಚುಗಳ ಬಗ್ಗೆ ಓದಿ ಮೀಸೆಯಡಿ ನಗ್ತಿರೋರು ಸ್ವಲ್ಪ ತಡೀರಿ.

ದೊಡ್ಡವರ ಈ ಆಟದಲ್ಲಿ ಹೆಚ್ಚು ಅನ್ಯಾಯ ಆಗ್ತಿರೋದು ಸಣ್ಣ ಪಾಸ್ಟರುಗಳಿಗೆ ಅನ್ನೋದು ನಮ್ಮ ಅಭಿಪ್ರಾಯ. ನಮ್ಮ ಗೆಳೆಯ ಈಗ ಹೋಗೋ ಸಭೆ ಅಮೆರಿಕನ್ ಚರ್ಚೊಂದರ ಹಾಲಿನಲ್ಲಿ, ಅವರ ಆರಾಧನೆ ಮುಗಿದ ಮೇಲೆ ಭಾನುವಾರ ಮಧ್ಯಾಹ್ನ ನಡೆಯುತ್ತೆ. ಕನ್ನಡ, ತೆಲುಗು, ತಮಿಳು ಸೇರಿ ಹದಿನೈದು ಇಪ್ಪತ್ತು ಕುಟುಂಬ. ಸಭಾಪಾಲಕರು ವಾರವಿಡೀ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡ್ತಾರೆ. ಬೈಬಲಿನ ಪೌಲ ಕೂಡ ಡೇರೆ ಮಾಡುವ ಕಸುಬಿನಿಂದ ಹೊಟ್ಟೆ ಹೊರೆದವನು, ಹಾಗಾಗಿ ಇದರಲ್ಲಿ ಹೊಸತೇನಿಲ್ಲ ಅಂತ ಅವರೇ ನಗ್ತಾರಂತೆ. ನಮ್ಮಲ್ಲಿ ಇದಕ್ಕೆ ಕಾಯಕ ಅಂತೀವಿ. ಆದ್ರೆ ಜೆಟ್‌ನ ಸುದ್ದಿ ಬಂದಾಗಲೆಲ್ಲ ಆಫೀಸಿನಲ್ಲಿ ಅವರನ್ನೂ ಜನ ಅದೇ ಕಣ್ಣಿನಿಂದ ನೋಡ್ತಾರೆ. 1954ರಿಂದ ಇರುವ ಕಾನೂನಿನಡಿ ಪಾದ್ರಿಗಳ ಮನೆ ಬಾಡಿಗೆ ಭತ್ಯೆಗೆ ಆದಾಯ ತೆರಿಗೆ ಇಲ್ಲ. 2019ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನ ಎತ್ತಿಹಿಡಿದಿದೆ. ಭತ್ಯೆಯೇ ಇಲ್ಲದ ಇವರಿಗೆ ಅದರಿಂದ ಬಂದ ಉಪಯೋಗ ಏನೂ ಇಲ್ಲ, ಬಂಗಲೆಯವರಿಗೆ ಬೇಕಾದಷ್ಟಿದೆ.

ಹಾಗಾದ್ರೆ ಏನಾಗಬೇಕು? ಸರ್ಕಾರ ಧರ್ಮದೊಳಗೆ ಕೈ ಹಾಕಬಾರದು ಅನ್ನೋ ವಾದ ನಮಗೆ ಅರ್ಥವಾಗುತ್ತೆ. ಇವತ್ತು ಲೆಕ್ಕ ಕೇಳಿದವರು ನಾಳೆ ಪ್ರಸಂಗದ ಪ್ರತಿ ಕೇಳಬಹುದು, ಅದೂ ಭಯವೇ. ಆದ್ರೂ ಒಂದು ಮಟ್ಟಕ್ಕಿಂತ ಹೆಚ್ಚು ಆದಾಯದ ಚರ್ಚು, ದೇವಸ್ಥಾನ, ಮಸೀದಿ ಎಲ್ಲವೂ ಫಾರ್ಮ್ 990 ಕೊಡಲಿ ಅನ್ನೋದು ನಮ್ಮ ನಿಲುವು. ಒಬ್ಬರಿಗೇ ಅಲ್ಲ, ಎಲ್ಲರಿಗೂ. ಬೋಧನೆ ಏನು ಅಂತ ಆ ಫಾರ್ಮು ಕೇಳಲ್ಲ, ಹಣ ಎಲ್ಲಿ ಹೋಯ್ತು ಅಂತ ಮಾತ್ರ ಕೇಳುತ್ತೆ. ಕಾನೂನು ಬರೋವರೆಗೆ ಕಾಯಬೇಕಾಗಿಯೂ ಇಲ್ಲ. ಆರ್ಥಿಕ ಶಿಸ್ತು ಪಾಲಿಸೋ ಇವ್ಯಾಂಜೆಲಿಕಲ್ ಸಂಸ್ಥೆಗಳಿಗೇ ಅಂತ 1979ರಿಂದ ಇಸಿಎಫ್‌ಎ ಅನ್ನೋ ಮಂಡಳಿ ಇದೆ, ಸದಸ್ಯರು ಸ್ವತಂತ್ರ ಆಡಳಿತ ಮಂಡಳಿ ಇಟ್ಟುಕೊಳ್ಳಬೇಕು, ಕೇಳಿದವರಿಗೆ ಲೆಕ್ಕ ತೋರಿಸಬೇಕು. ನೀವು ಹೋಗೋ ಚರ್ಚ್ ಅದರಲ್ಲಿದೆಯಾ ಅಂತ ನೋಡೋಕೆ ಎರಡು ನಿಮಿಷ ಸಾಕು. ಇಲ್ಲದಿದ್ರೆ ಹೋಗಿ ಕೇಳಿ: ಹೋದ ವರ್ಷದ ಲೆಕ್ಕ ಸಿಗುತ್ತಾ, ಪಾಸ್ಟರ್ ಸಂಬಳ ತೀರ್ಮಾನಿಸೋರು ಯಾರು? ಹಾಸಿಗೆ ಕೊಟ್ಟ ಚರ್ಚಿನಲ್ಲಿ ಇದನ್ನ ಕೇಳೋಕೆ ನಮಗೇ ಸಂಕೋಚ ಆಗಿತ್ತು, ಉಂಡ ಮನೆಯ ಜಂತೆ ಎಣಿಸಿದ ಹಾಗೆ. ಆ ಪಿಕಪ್ ಅಜ್ಜನಿಗೇ ಫೋನ್ ಮಾಡಿದೆವು. ಅವರು ನಕ್ಕು, ವಾರ್ಷಿಕ ಸಭೆಯಲ್ಲಿ ಹಂಚಿದ ಹನ್ನೆರಡು ಪುಟದ ಬಜೆಟ್ ಪ್ರತಿಯನ್ನೇ ತಂದುಕೊಟ್ಟರು. ಪಾಸ್ಟರ್ ಸಂಬಳ ನಾಲ್ಕನೇ ಪುಟದಲ್ಲಿತ್ತು. ಶಾಲೆ ಮೇಷ್ಟ್ರಿಗೆ ಬರೋದಕ್ಕಿಂತ ತುಸು ಹೆಚ್ಚು.

ಗೆಳೆಯನ ಕ್ರೆಡಿಟ್ ಕಾರ್ಡಿನ ಬಾಕಿ ಮೊನ್ನೆ ಮೇನಲ್ಲಿ ತೀರಿತು. ದೊಡ್ಡ ಚರ್ಚಿನ ಆಪ್‌ನಲ್ಲಿ ಆಟೋ-ಪೇ ನಿಲ್ಲಿಸೋ ಬಟನ್ ಹುಡುಕೋಕೆ ನಾಲ್ವರು ಎಂಜಿನಿಯರುಗಳಿಗೆ ಇಪ್ಪತ್ತು ನಿಮಿಷ ಹಿಡಿಯಿತು. ದಶಮಾಂಶ ಅವನು ಬಿಟ್ಟಿಲ್ಲ, ನಾವೂ ಬಿಡು ಅಂತ ಹೇಳಲಿಲ್ಲ. ಈಗ ಮಧ್ಯಾಹ್ನದ ಸಭೆಯಲ್ಲಿ ಕವರಿನಲ್ಲಿಟ್ಟು ಕೊಡ್ತಾನೆ, ಜನವರಿಯಲ್ಲಿ ಅಲ್ಲಿನ ಖಜಾಂಚಿ ಆಂಟಿ ಎದ್ದು ನಿಂತು ಹಾಲ್ ಬಾಡಿಗೆಯಿಂದ ಪೇಪರ್ ಪ್ಲೇಟಿನವರೆಗೆ ಓದಿ ಹೇಳಿದರಂತೆ.

ಈ ಸಲದ ಪುಸ್ತಿಕೆಯ ಕೊನೇ ಪುಟದಲ್ಲಿ ನಮ್ಮ ಸಂಘದ ಆದಾಯ ಖರ್ಚಿನ ಪಟ್ಟಿ ಹಾಕಲೇಬೇಕು ಅಂತ ಹಟ ಹಿಡಿದವನೂ ಅವನೇ. ಹಾಕಿದ್ದೇವೆ. ಯುಗಾದಿ ಊಟದ ಲೆಕ್ಕದಲ್ಲಿ 19 ಡಾಲರ್ ವ್ಯತ್ಯಾಸ ಬರ್ತಿದೆ, ಖಜಾಂಚಿ ಇನ್ನೂ ರಸೀದಿ ಹುಡುಕ್ತಿದ್ದಾಳೆ.